ಸೆಪ್ಟೆಂಬರ್ ಮೂವತ್ತರ ನಂತರ ಮಾತು ಕಲಿಸಬಾರದು

ಉದ್ಯೋಗ ವೀಸಾ ಅರ್ಜಿಗಳನ್ನು ವಿಲೇವಾರಿ ಮಾಡುವ, ಅಥವಾ ಮಾಡಬೇಕಾಗಿರುವ, ಕಚೇರಿಯ ಮುಖ್ಯಸ್ಥರಿಗೆ

ಮಾನ್ಯರೇ,

ನಿಮ್ಮ ಮೇಜಿನ ಮೇಲೆ ಒಂದು ಅರ್ಜಿ ಏಪ್ರಿಲ್ ತಿಂಗಳಿಂದ ಕೂತಿದೆ. ಅದು ಅಲ್ಲಿ ಕೂತಿರುವ ಕಾರಣಕ್ಕೆ ನೆಬ್ರಾಸ್ಕಾದ ಸೀಡರ್ ಬೆಂಡ್ ಎಂಬ ನಮ್ಮೂರಿನಲ್ಲಿ ಒಬ್ಬ ಹೆಣ್ಣುಮಗಳು ಕೈ ಕಟ್ಟಿ ಕೂರಬೇಕಾಯಿತು. ಅವಳು ಕೈ ಕಟ್ಟಿದ್ದರಿಂದ ನನ್ನ ಬಾಯಿ ಕಟ್ಟಿತು. ತಡ ಮಾಡಿದವರು ನೀವು, ದಂಡ ತೆತ್ತವರು ನಾವು. ಇದು ಯಾವ ಊರಿನ ನ್ಯಾಯ ಎಂದು ಕೇಳಲು ಈ ಪತ್ರ. ಖಾಸಗಿಯಾಗಿ ಬರೆದರೆ ಇದೂ ಅದೇ ಮೇಜಿನ ಮೇಲೆ ಆ ಅರ್ಜಿಯ ಪಕ್ಕದಲ್ಲಿ ಕೂತುಬಿಡುತ್ತದೆಂಬ ಭಯದಿಂದ ಊರಿನ ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ಮೈಲೋ ಹಾವೆಲ್ಕಾ. ಇಲ್ಲಿನ ದನದ ಹರಾಜುಕಟ್ಟೆಯಲ್ಲಿ ನಲವತ್ತು ವರ್ಷ ಹರಾಜು ಕೂಗಿದವನು. ಹರಾಜು ಕೂಗುವುದೆಂದರೆ ಏನೆಂದು ನಿಮ್ಮ ಪಟ್ಟಣದ ಕಚೇರಿಯಲ್ಲಿ ತಿಳಿದಿದೆಯೋ ಇಲ್ಲವೋ. ಉಸಿರು ಬಿಡದೆ, ತಡವರಿಸದೆ, ನೂರು ಜನರ ಕಣ್ಣ ಸನ್ನೆ ಹಿಡಿಯುತ್ತ, ಬೆಲೆಯನ್ನು ಹಾಡಿನಂತೆ ಎತ್ತಿಕೊಂಡು ಹೋಗುವ ಕೆಲಸ ಅದು. ನಮ್ಮ ಕಡೆ ಮಾತುಗಾರ ಮಗು ಕಂಡರೆ 'ಇವನು ಹಾವೆಲ್ಕಾನ ನಾಲಿಗೆ ಕದ್ದಿದ್ದಾನೆ' ಎನ್ನುತ್ತಿದ್ದರು. ಕದಿಯಬೇಕಾಗಿಯೇ ಬರಲಿಲ್ಲ. ಕಳೆದ ಫೆಬ್ರುವರಿಯ ಒಂದು ಬೆಳಿಗ್ಗೆ, ಮೊಟ್ಟೆ ತಿನ್ನುತ್ತಿದ್ದಾಗ, ಫೋರ್ಕು ಕೈಯಿಂದ ಜಾರಿತು. ಲಕ್ವ ಹೊಡೆದಿತ್ತು. ಬಲಗೈ ಹೋಯಿತು, ಅದರ ಜೊತೆಗೆ ಮಾತೂ ಹೋಯಿತು.

ಪೂರ್ತಿ ಹೋಗಲಿಲ್ಲ. ಒಂದೇ ಒಂದು ಪದ ಉಳಿಯಿತು, ಅದು 'ಮಂಗಳವಾರ'. ನಮ್ಮ ಹರಾಜು ನಡೆಯುವ ದಿನ.

"ನೀರು ಬೇಕಾ, ಮೈಲೋ?" ಎಂದು ನನ್ನ ಹೆಂಡತಿ ಆರ್ಡಿತ್ ಕೇಳುವಳು.

"ಮಂಗಳವಾರ."

"ನೋವಾಗ್ತಿದ್ಯಾ?"

"ಮಂಗಳವಾರ!" ಎಂದು ಸಿಟ್ಟಿನಿಂದ ಕಿರುಚುವೆ. ಅವಳು ಮುಖ ತಿರುಗಿಸಿಕೊಂಡು ಅಳುವಳು. ತಲೆಯೊಳಗೆ ನೀರೆಂದರೆ ನೀರೇ, ನೋವೆಂದರೆ ನೋವೇ. ಡಾಕ್ಟರರು ಹೇಳಿದ್ದೂ ಅದನ್ನೇ: ಮಾತೆಲ್ಲ ತಲೆಯಲ್ಲಿ ಸರಿಯಾಗಿಯೇ ಇದೆ, ತಲೆಯಿಂದ ನಾಲಿಗೆಗೆ ಬರುವ ದಾರಿ ಕುಸಿದಿದೆ. ಅದಕ್ಕೇ ಎಡಗೈಯ ಎರಡು ಬೆರಳಲ್ಲಿ ಇಷ್ಟುದ್ದದ ಪತ್ರ ಟೈಪ್ ಕುಟ್ಟಬಲ್ಲೆ, ಆದರೆ ಇದರಲ್ಲಿ ಒಂದು ಸಾಲನ್ನು ನಿಮ್ಮ ಮುಂದೆ ನಿಂತು ಹೇಳಲಾರೆ. ದಾರಿ ಮತ್ತೆ ಕಡಿಯಬೇಕಾದರೆ ಮೊದಲ ವರ್ಷದಲ್ಲೇ ಕಡಿಯಬೇಕು, ತಡವಾದಷ್ಟೂ ನೆಲ ಗಟ್ಟಿಯಾಗುತ್ತದೆ ಎಂದೂ ಹೇಳಿದರು. ತಡ ಎಂಬ ಪದವನ್ನು ಇಲ್ಲಿ ಸ್ವಲ್ಪ ಗಮನವಿಟ್ಟು ಓದಬೇಕಾಗಿ ಕೋರಿಕೆ.

ನಮ್ಮ ಊರಿನ ಆಸ್ಪತ್ರೆಗೆ ಮಾತಿನ ಚಿಕಿತ್ಸೆಯವರು ಬೇಕೆಂದು ಆರು ವರ್ಷ ಜಾಹೀರಾತು ಕೊಟ್ಟಿದ್ದರು. ಬಂದವಳು ಒಬ್ಬಳೇ, ಜೆಬೆಟ್ ಕೋಸ್ಕೆ. ಕೀನ್ಯಾದ ದನ ಸಾಕುವ ಮನೆತನದ ಹುಡುಗಿ. ನಮ್ಮದೇ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಓದಿ, ನಗರದ ಆಸ್ಪತ್ರೆಗಳು ಕರೆದರೂ ಇಲ್ಲಿಗೆ ಬಂದವಳು. ಯಾಕೆ ಬಂದೆಯಮ್ಮ ಎಂದು ಕೇಳಿದರೆ, "ಇಲ್ಲಿ ಕಿಟಕಿ ತೆಗೆದ್ರೆ ಸಗಣಿ ವಾಸ್ನೆ ಬರುತ್ತೆ, ನಂಗೆ ಚೆನ್ನಾಗಿ ನಿದ್ದೆ ಬರುತ್ತೆ" ಎನ್ನುತ್ತಿದ್ದಳು.

ಆರ್ಡಿತ್‌ಗೆ ಮೊದಲು ಸಮಾಧಾನವಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಯೇ ಬಿಡುವವಳು. "ಅಲ್ಲಮ್ಮಾ, ನಿನ್ ಮಾತೇ ನಂಗೆ ಅರ್ಧ ಅರ್ಥ ಆಗಲ್ಲ. ಇವ್ರಿಗೆ ಹ್ಯಾಗ್ ಕಲಿಸ್ತೀಯ? ನಾಳೆ ಇವ್ರು ನಿಮ್ ಥರಾನೇ ರಾಗ ಎಳೆದ್ರೆ ಹರಾಜುಕಟ್ಟೇಲಿ ಯಾರ್ ಕೇಳ್ತಾರೆ?"

ಜೆಬೆಟ್ ನಕ್ಕಳು. "ನಾಲಿಗೆ ನಿಮ್ಮೂರಿಂದೇ ಇರತ್ತಮ್ಮ. ನಾನು ಅದಕ್ಕೆ ದಾರಿ ತೋರಿಸೋದು ಅಷ್ಟೆ. ರಾಗ ಎಳೆದ್ರೆ ಫೀಸು ವಾಪಸ್."

ಮಾರ್ಚ್ ತಿಂಗಳವರೆಗೂ ದಾರಿ ಸಿಗಲಿಲ್ಲ. ಕನ್ನಡಿಯ ಮುಂದೆ ಕೂರಿಸಿ ತುಟಿ ಜೋಡಿಸು, ನಾಲಿಗೆ ಎತ್ತು ಎನ್ನುವಳು. ನಾನು ಬೆವರಿ, ಕೊನೆಗೆ 'ಮಂಗಳವಾರ' ಎಂದು ಕನ್ನಡಿಗೇ ಬೈಯುವೆ. ಒಂದು ದಿನ ಅವಳು ಕನ್ನಡಿ ಪಕ್ಕಕ್ಕಿಟ್ಟು, ತನ್ನ ಕೈಚೀಲವನ್ನು ನನ್ನ ಮುಂದೆ ಮೇಜಿನ ಮೇಲೆ ಇಟ್ಟಳು.

"ಯಜಮಾನ್ರೇ, ನಮ್ಮಜ್ಜ ಒಂದು ಹಸು ಮಾರೋಕೆ ಮೂರು ದಿನ ಮಾತಾಡೋನು. ನೀವು ಒಂದೇ ಉಸಿರಲ್ಲಿ ಮುಗಿಸ್ತಿದ್ರಂತೆ. ಈ ಚೀಲ ಮಾರಿ ನೋಡೋಣ. ಒಂದು ಡಾಲರಿಂದ ಶುರು."

ಹೇಳುತ್ತಲೇ ನನ್ನ ಎಡಗೈಯನ್ನು ಹಿಡಿದು ಮೇಜಿನ ಮೇಲೆ ತಾಳ ಹಾಕತೊಡಗಿದಳು. ಟಕ್, ಟಕ್, ಟಕ್, ಟಕ್. ಅದೇನಾಯಿತೋ, ಮಾನ್ಯರೇ, ನನ್ನ ಬಾಯಿಂದ 'ಒಂದು' ಹೊರಟಿತು. ಒಂದರ ಹಿಂದೆ ಎರಡು, ಎರಡಕ್ಕೆ ಯಾರು, ಎರಡಕ್ಕೆರಡು, ಮೂರಕ್ಕೆ ಯಾರು, ಮೂರಕ್ಕೆಮೂರು. ಬೇಲಿ ಮುರಿದ ಕರುಗಳ ಹಾಗೆ ಅಂಕಿಗಳು ನುಗ್ಗಿ ಬಂದವು. ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಆರ್ಡಿತ್ "ಹದಿನೈದು!" ಎಂದು ಕೂಗಿಬಿಟ್ಟಳು. ಕೂಗಿ, ಕಾಫಿ ಚೆಲ್ಲಿಕೊಂಡು, ಗೋಡೆಗೆ ಒರಗಿ ಬಿಕ್ಕಿದಳು.

"ದುಬಾರಿಗೆ ಕೊಂಡ್ರಮ್ಮ," ಎಂದಳು ಜೆಬೆಟ್. "ಅದ್ರಲ್ಲಿರೋದು ಒಂದು ಬಾಚಣಿಗೆ, ಹಳೇ ಬಿಲ್ಲು, ಅಷ್ಟೆ." ಅವಳ ಕಣ್ಣೂ ಒದ್ದೆಯಾಗಿತ್ತು. ನನ್ನ ಕೈಯನ್ನು ಮಾತ್ರ ಬಿಡಲಿಲ್ಲ, ತಾಳವನ್ನೂ ನಿಲ್ಲಿಸಲಿಲ್ಲ.

ಅಲ್ಲಿಂದ ದಾರಿ ಸಿಕ್ಕಿತು. ತಾಳದ ಮೇಲೆ ಅಂಕಿ, ಅಂಕಿಯ ನಡುವೆ ಒಂದು ಪದ, ಪದದ ಬಾಲಕ್ಕೆ ಇನ್ನೊಂದು. ಬೇಸಿಗೆ ಮುಗಿಯುವ ಹೊತ್ತಿಗೆ ನಾನು ಮೇಜು ತಟ್ಟುತ್ತ 'ಆರ್ಡಿತ್, ಕಾಫಿ ಕೊಡು' ಎನ್ನುತ್ತಿದ್ದೆ. "ಇಷ್ಟು ತಿಂಗಳು ನೆಮ್ಮದಿಯಾಗಿದ್ದೆ, ಮತ್ತೆ ಶುರುವಾಯ್ತು ಇವ್ರ ದರ್ಬಾರು" ಎಂದು ಅವಳು ಗೊಣಗುತ್ತ ಓಡಿ ತಂದುಕೊಡುತ್ತಿದ್ದಳು. ಅಷ್ಟರಲ್ಲಿ ಜೆಬೆಟ್ ನಮ್ಮ ಗರಾಜಿನ ಮೇಲಿನ ಕೋಣೆಗೆ ಬಾಡಿಗೆಗೆ ಬಂದಿದ್ದಳು. ಹರಾಜುಕಟ್ಟೆಯ ಮಾಲೀಕ ಗೇಲೆನ್ ಮನೆಗೆ ಬಂದು, "ಅಕ್ಟೋಬರಿನ ಮೊದಲ ಕರುಗಳ ಹರಾಜಲ್ಲಿ ಒಂದೇ ಒಂದು ಗುಂಪು ನೀನು ಕೂಗು ಮೈಲೋ. ಜನ ಕೇಳ್ತಾನೇ ಇದಾರೆ" ಎಂದು ಹೇಳಿಹೋದ. ಹಿಡಿದ ಬಿಡ್, ಅಂದರೆ ಬೆಲೆ ಕೂಗಿದವನು, ಬದಲಾಗಿ ತಲೆ ಎಡಗಡೆಯಿಂದ ಬಲಗಡೆಗೆ ಹೊರಳಿದಾಗ, ನನ್ನ ಮಾತು ಇನ್ನೂ ಸಿಕ್ಕಿಕೊಳ್ಳುತ್ತಿತ್ತು. ಅದನ್ನು ಸರಿಮಾಡಲು ಅಕ್ಟೋಬರಿನವರೆಗೆ ಸಮಯವಿದೆ ಎಂದುಕೊಂಡಿದ್ದೆವು. ನಿಮ್ಮ ಕ್ಯಾಲೆಂಡರು ನಮಗೆ ಗೊತ್ತಿರಲಿಲ್ಲ.

ಈಗ ನಿಮ್ಮ ನಿಯಮಕ್ಕೆ ಬರುತ್ತೇನೆ. ನಾನು ಕಲಿತಷ್ಟನ್ನು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ನಿಮಗೆ ತಿದ್ದುವ ಅಧಿಕಾರವಿದೆ. ಇಲ್ಲಿ ಓದು ಮುಗಿಸಿದ ವಿದೇಶಿ ವಿದ್ಯಾರ್ಥಿಗೆ, ಅವಳು ಓದಿದಂಥ ವಿಷಯದಲ್ಲಿ, ಒಂದು ವರ್ಷ ಕೆಲಸ ಮಾಡಲು ಬಿಡುತ್ತೀರಿ. ಅಷ್ಟರಲ್ಲಿ ಕೆಲಸ ಕೊಟ್ಟವರು ಉದ್ಯೋಗ ವೀಸಾಕ್ಕೆ ಅರ್ಜಿ ಹಾಕಬೇಕು. ಅರ್ಜಿ ಹೆಚ್ಚಾದರೆ ಲಾಟರಿ ಎತ್ತುತ್ತೀರಿ. ನಲವತ್ತು ವರ್ಷ ದನ ಮಾರಿದ ನಾನು ಒಂದು ದನವನ್ನೂ ಲಾಟರಿಯಲ್ಲಿ ಮಾರಲಿಲ್ಲ. ಅದರ ಹಲ್ಲು ನೋಡುತ್ತಿದ್ದೆವು, ಕಾಲು ನೋಡುತ್ತಿದ್ದೆವು. ಇರಲಿ. ಲಾಟರಿಯಲ್ಲಿ ಜೆಬೆಟ್‌ಳ ಹೆಸರು ಬಂತು. ಆರ್ಡಿತ್ ಚೆರ್ರಿ ಕಡುಬು ಮಾಡಿದಳು. ಆದರೆ ವೀಸಾ ಸಿಕ್ಕರೂ ಅದು ಜಾರಿಗೆ ಬರುವುದು ಅಕ್ಟೋಬರ್ ಒಂದಕ್ಕೆ. ಅವಳ ಒಂದು ವರ್ಷ ಮುಗಿಯುವುದು ಜುಲೈಗೆ. ನಡುವಿನ ತಿಂಗಳುಗಳಿಗೆ ಏನು ಗತಿ? ಅದಕ್ಕೆ ನೀವೇ, ದೊಡ್ಡ ಮನಸ್ಸು ಮಾಡಿ, ಒಂದು ಸೇತುವೆ ಕಟ್ಟಿದ್ದೀರಿ: ಅರ್ಜಿ ಬಾಕಿ ಇರುವವರು ಸೆಪ್ಟೆಂಬರ್ ಮೂವತ್ತರವರೆಗೆ ಕೆಲಸ ಮುಂದುವರಿಸಬಹುದು. ಬಹಳ ಒಳ್ಳೆಯ ಸೇತುವೆ. ಒಂದೇ ಕೊರತೆಯೆಂದರೆ, ಆಚೆ ದಡ ಮುಟ್ಟುವುದು ನಿಮ್ಮ ಅಧಿಕಾರಿ ಸಹಿ ಹಾಕಿದರೆ ಮಾತ್ರ. ಸಹಿ ತಡವಾದರೆ ಸೇತುವೆ ಹೊಳೆಯ ನಟ್ಟನಡುವೆ ನಿಂತುಬಿಡುತ್ತದೆ. ಮೇಲಿರುವವರು ಮುಂದೆ ಹೋಗುವಂತಿಲ್ಲ. ದೇಶ ಬಿಡಬೇಕಾಗಿಲ್ಲ ಎನ್ನುತ್ತೀರಿ, ಕೆಲಸ ಮಾತ್ರ ಮಾಡಬಾರದು. ಅಲ್ಲೇ ನಿಂತು ನೀರು ನೋಡುತ್ತಿರಬೇಕು.

ಸಹಿ ಯಾಕೆ ತಡವಾಯಿತು? ಆಗಸ್ಟಿನಲ್ಲಿ ನಿಮ್ಮ ಕಚೇರಿ ಆಸ್ಪತ್ರೆಗೆ ಒಂದು ಪ್ರಶ್ನೆ ಕಳಿಸಿತು. ಮಾತಿನ ಚಿಕಿತ್ಸೆಯ ಈ ಹುದ್ದೆಗೆ ವಿಶೇಷ ಪದವಿಯ ಅಗತ್ಯವಿದೆಯೆಂದು ಸಾಬೀತುಪಡಿಸಿ, ಎಂದು. ಆಸ್ಪತ್ರೆ ನನ್ನನ್ನು ಕೇಳಿದ್ದರೆ ನಾನು ಅರ್ಧ ನಿಮಿಷದಲ್ಲಿ ಸಾಬೀತುಪಡಿಸುತ್ತಿದ್ದೆ. ನಿಮ್ಮೆದುರು ನಿಂತು 'ಮಂಗಳವಾರ' ಎನ್ನುತ್ತಿದ್ದೆ. ಪದವಿಯಿಲ್ಲದ ಯಾರನ್ನಾದರೂ ಕರೆತಂದು ಅದನ್ನು 'ನೀರು' ಮಾಡಿಸಿ ನೋಡಿ ಎನ್ನುತ್ತಿದ್ದೆ, ಅಂದರೆ, ಎನ್ನಲು ಆಗುತ್ತಿದ್ದರೆ. ಆಸ್ಪತ್ರೆಯವರು ದಪ್ಪನೆಯ ಉತ್ತರ ಕಳಿಸಿದರು. ಬೇಗ ನೋಡಿ ಎಂದು ಹೆಚ್ಚಿನ ಶುಲ್ಕ ಕಟ್ಟಲು ಹೋದರೆ, ಈ ಬಾರಿ ಆ ಸೌಲಭ್ಯವನ್ನೂ ನಿಲ್ಲಿಸಲಾಗಿದೆ ಎಂಬ ಉತ್ತರ. ಆ ಮೇಲೆ ನಿಮ್ಮ ಕಡೆಯಿಂದ ಸದ್ದಿಲ್ಲ. ಲಕ್ವ ಹೊಡೆದದ್ದು ನನಗೊಬ್ಬನಿಗೇ ಅಲ್ಲವೇನೋ.

ಸೆಪ್ಟೆಂಬರಿನ ಕೊನೆಯಲ್ಲಿ ಆಸ್ಪತ್ರೆಯ ವಕೀಲರು ಫೋನು ಮಾಡಿದರು. ನಮ್ಮ ಅಡುಗೆಮನೆಯ ಮೇಜಿನ ಮೇಲೆ ಫೋನಿಟ್ಟು ಎಲ್ಲರಿಗೂ ಕೇಳುವಂತೆ ಮಾಡಿದಳು ಜೆಬೆಟ್. ಮುಚ್ಚುಮರೆ ಅವಳ ಸ್ವಭಾವವಲ್ಲ.

"ಒಂದನೇ ತಾರೀಕಿಂದ ನೀವು ಆಸ್ಪತ್ರೆಗೆ ಕೆಲಸಕ್ಕೆ ಬರೋ ಹಾಗಿಲ್ಲ," ಎಂದರು ವಕೀಲರು.

"ಸಂಬಳ ಬೇಡ ಸರ್. ಸುಮ್ನೆ ಬಂದು ರೋಗಿಗಳನ್ನ ನೋಡ್ಲಾ?"

"ಸಂಬಳ ಇಲ್ದೆ ಮಾಡಿದ್ರೂ ಅದು ಕೆಲಸಾನೇ ಅಂತಾರೆ. ನಾಳೆ ಅರ್ಜಿ ನೋಡೋವಾಗ ಅದನ್ನೇ ಹಿಡ್ಕೊಂಡ್ರೆ ಎಲ್ಲಾ ಮುಗೀತು."

"ಮನೇಲಿ ಮಾತಾಡಬಹುದಾ? ನಾನು ಮೈಲೋ ಅವ್ರ ಮನೇಲೇ ಇರೋದು."

ಫೋನಿನ ಆಚೆ ವಕೀಲರು ಗಂಟಲು ಸರಿಮಾಡಿಕೊಂಡರು. "ಮಾತಾಡಿ. ಆದ್ರೆ ತಿದ್ದಬೇಡಿ."

ಆರ್ಡಿತ್ ಫೋನಿಗೆ ಬಗ್ಗಿ ಕೂಗಿದಳು: "ನಲವತ್ತು ವರ್ಷದಿಂದ ನಾನು ಇವ್ರನ್ನ ತಿದ್ದುತಾ ಇದೀನಿ, ನಂಗೂ ವೀಸಾ ಬೇಕೇನ್ರೀ?" ವಕೀಲರು ನಗಲಿಲ್ಲ. ಜೆಬೆಟ್ ಕೂಡ.

ಮಾತಾಡಿ, ಆದರೆ ತಿದ್ದಬೇಡಿ. ಇದು ಮನೆಯೊಳಗೆ ಹೇಗೆ ನಡೆಯುತ್ತದೆಂದು ನಿಮಗೆ ಹೇಳಬೇಕು. ಊಟದ ಮೇಜಿನಲ್ಲಿ ನನಗೆ ಆಲೂಗಡ್ಡೆ ಬೇಕು. 'ಆ... ಆ...' ಎನ್ನುತ್ತೇನೆ. ಜೆಬೆಟ್‌ಳ ಕೈ ತಾನಾಗಿ ಮೇಲೇಳುತ್ತದೆ, ಮೇಜು ತಟ್ಟಲು. ಗಾಳಿಯಲ್ಲೇ ನಿಲ್ಲುತ್ತದೆ. ಉಪ್ಪಿನ ಡಬ್ಬಿ ಎತ್ತಿಕೊಳ್ಳುತ್ತದೆ. ಬೇಡದ ಉಪ್ಪನ್ನು ಅವಳು ತನ್ನ ತಟ್ಟೆಗೆ ಉದುರಿಸಿಕೊಳ್ಳುತ್ತಾಳೆ. ನಾನು ಆಲೂಗಡ್ಡೆ ಬಿಟ್ಟು ಎದುರಿಗಿದ್ದ ಬೀನ್ಸು ತಿನ್ನುತ್ತೇನೆ. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಹೇಳಿ ಮಾನ್ಯರೇ, ಉಪ್ಪಿನ ಡಬ್ಬಿಯ ಬದಲು ಅವಳು ಮೇಜು ತಟ್ಟಿದ್ದರೆ ಯಾವ ಅಮೆರಿಕನ್ನನ ಉದ್ಯೋಗ ಹೋಗುತ್ತಿತ್ತು? ಆರು ವರ್ಷ ಖಾಲಿ ಬಿದ್ದಿದ್ದ ಕುರ್ಚಿಯನ್ನು ಅವಳು ಯಾರಿಂದ ಕಿತ್ತುಕೊಂಡಿದ್ದಳು?

ನನ್ನದೊಂದೇ ಕಥೆಯಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ನಿವೃತ್ತ ಅಂಚೆಯವ ವರ್ನ್ ಲಿಂಡ್‌ಹೋಮ್ ನನ್ನ ಹಾಗೇ ಲಕ್ವದವನು, ಆದರೆ ಅವನಿಗೆ ಹೋದದ್ದು ನುಂಗುವ ಶಕ್ತಿ. ನುಂಗಿದ್ದು ಶ್ವಾಸಕೋಶಕ್ಕೆ ಹೋಗದಂತೆ ಅವನ ಕಾಫಿಗೆ ಗಟ್ಟಿ ಮಾಡುವ ಪುಡಿ ಬೆರೆಸಿ ಗಂಜಿ ಮಾಡಿ ಕೊಡಬೇಕು. ಅದನ್ನು ಯಾವಾಗ ಬಿಡಬಹುದೆಂದು ಪರೀಕ್ಷೆ ಮಾಡಿ ಹೇಳುವುದೂ ಜೆಬೆಟ್‌ಳ ಕೆಲಸವೇ. ಅಕ್ಟೋಬರ್ ಮೊದಲ ವಾರ ಅವನ ಪರೀಕ್ಷೆಯಿತ್ತು. ಈಗ ಆ ಕೆಲಸಕ್ಕೆ ದೂರದ ನಗರದಿಂದ ಒಬ್ಬರು ಎರಡು ವಾರಕ್ಕೊಮ್ಮೆ ಬರುತ್ತಾರೆ, ಹಿಮ ಬಿದ್ದರೆ ಅದೂ ಇಲ್ಲ. ವರ್ನ್‌ನ ಸರದಿ ಮುಂದಕ್ಕೆ ಹೋಯಿತು. "ಮೂವತ್ತು ವರ್ಷ ಹಿಮದಲ್ಲೂ ಕಾಗದ ಕೊಟ್ಟೆ, ಒಂದು ಲೋಟ ನಿಜವಾದ ಕಾಫಿ ಸಿಗಲ್ವಾ ನಂಗೆ?" ಎಂದು ಕೂಗಾಡಿದವನು ಒಂದು ದಿನ ಯಾರಿಗೂ ಹೇಳದೆ ಕುಡಿದುಬಿಟ್ಟ. ನ್ಯುಮೋನಿಯಾ ಆಯಿತು. ಬದುಕಿ ಬಂದಿದ್ದಾನೆ, ಅರ್ಧ ಆಳಾಗಿ. ಪರೀಕ್ಷೆ ಆಗಿದ್ದರೂ ಹೀಗಾಗುತ್ತಿತ್ತೇನೋ, ಡಾಕ್ಟರರು ಖಚಿತವಾಗಿ ಹೇಳಲಾರರು. ಹಾಗಾಗಿ ನಾನೂ ನಿಮ್ಮ ತಲೆಗೆ ಕಟ್ಟುವುದಿಲ್ಲ. ನಿಮಗೆ ತಿಳಿದಿರಲಿ ಎಂದಷ್ಟೇ.

ಅಕ್ಟೋಬರಿನ ಮೊದಲ ಹರಾಜಿನ ದಿನ ಬಂತು. ಹೋಗಬೇಡ ಎಂದಳು ಆರ್ಡಿತ್. ಅಭ್ಯಾಸ ತಪ್ಪಿತ್ತು, ನನಗೂ ಗೊತ್ತಿತ್ತು. ಆದರೂ ಟೊಪ್ಪಿ ಹಾಕಿಕೊಂಡು ಹೊರಟೆ. ಕಟ್ಟೆ ತುಂಬಿತ್ತು. ಗೇಲೆನ್ ಮೈಕು ಹಿಡಿದು, "ಇದೋ ನಮ್ಮ ಹಳೇ ಗಂಟಲು!" ಎಂದ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಕಣದೊಳಕ್ಕೆ ಕಪ್ಪು ಕರುಗಳ ಒಂದು ಗುಂಪನ್ನು ಬಿಟ್ಟರು. ನಾನು ಎಡಗೈಯನ್ನು ಕಟ್ಟೆಯ ಹಲಗೆಯ ಮೇಲಿಟ್ಟು ತಾಳ ಹಿಡಿದೆ. ಹೊರಟಿತು. ನೂರೈವತ್ತು ನೂರೈವತ್ತು, ಐವತ್ತೈದಕ್ಕೆ ಯಾರು, ಐವತ್ತೈದು ಬಂತು, ಅರವತ್ತಕ್ಕೆ ಯಾರು. ನನ್ನ ದನಿಯೇ ಲೌಡ್‌ಸ್ಪೀಕರಿನಲ್ಲಿ ಕೇಳಿ ನನಗೆ ರೋಮಾಂಚನವಾಯಿತು. ಆಗ ಎಡಗಡೆಯಿದ್ದ ಬಿಡ್ ಬಿಟ್ಟು ಬಲಗಡೆಯಿಂದ ಒಬ್ಬ ಕೈಯೆತ್ತಿದ. ತಲೆ ಹೊರಳಿಸಿದೆ. ತಾಳ ತಪ್ಪಿತು.

"ಮಂಗಳವಾರ," ಎಂದೆ.

ಕೆಲವರು ನಕ್ಕರು. ತಮಾಷೆ ಎಂದುಕೊಂಡರು, ಅಂದು ಮಂಗಳವಾರವೇ ಆಗಿತ್ತಲ್ಲ. "ಮಂಗಳವಾರ. ಮಂಗಳವಾರ." ನಗು ನಿಂತಿತು. ಕರುಗಳ ಗೊರಸಿನ ಸದ್ದು ಮಾತ್ರ. ನಾನು ಮೇಲೆ ನೋಡಿದೆ. ಮೂರನೇ ಸಾಲಿನಲ್ಲಿ ಜೆಬೆಟ್ ಕೂತಿದ್ದಳು, ಆರ್ಡಿತ್‌ಳ ಪಕ್ಕದಲ್ಲಿ. ಅವಳು ಹಲಗೆಯ ಮೇಲೆ ನಾಲ್ಕು ಸಲ ಬೆರಳು ತಟ್ಟಿದ್ದರೆ ಸಾಕಿತ್ತು. ನನಗೆ ಕೇಳಬೇಕಾಗಿಯೂ ಇರಲಿಲ್ಲ, ಕಂಡರೆ ಸಾಕಿತ್ತು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದಳು. ತುಟಿ ಕಚ್ಚಿದ್ದಳು. ಅವಳ ಮುಂದಿನ ಸಾಲಿನವರು ಫೋನೆತ್ತಿ ನನ್ನ ವಿಡಿಯೋ ಹಿಡಿಯುತ್ತಿದ್ದರು. ಗೇಲೆನ್ ಮೆಲ್ಲನೆ ನನ್ನ ಭುಜದ ಮೇಲೆ ಕೈಯಿಟ್ಟು ಮೈಕು ತೆಗೆದುಕೊಂಡ, ಹರಾಜು ಮುಗಿಸಿದ.

ಮನೆಯ ಬಾಗಿಲು ಹಾಕಿದ ಕೂಡಲೇ ಆರ್ಡಿತ್ ಜೆಬೆಟ್ ಕಡೆ ತಿರುಗಿ ನಿಂತಳು.

"ಕಲ್ಲಿನ ಥರ ಕೂತಿದ್ಯಲ್ಲೇ! ನಾಲ್ಕು ಸಲ ತಟ್ಟೋಕಾಗ್ಲಿಲ್ವಾ? ಊರೆಲ್ಲಾ ನೋಡ್ತಿತ್ತು ಅವ್ರನ್ನ!"

"ಊರೆಲ್ಲಾ ನೋಡ್ತಿತ್ತು, ಅದಕ್ಕೇ ಅಮ್ಮ!" ಜೆಬೆಟ್‌ಳ ದನಿ ಅಷ್ಟು ಏರಿದ್ದನ್ನು ನಾನು ಕೇಳಿರಲಿಲ್ಲ. "ಎಷ್ಟು ಫೋನಿತ್ತು ಅಲ್ಲಿ, ನೋಡಿದ್ರಾ? 'ಹರಾಜುಕಟ್ಟೇಲಿ ಚಿಕಿತ್ಸೆ ಕೊಟ್ಟಳು' ಅಂತ ಯಾರಾದ್ರೂ ಹಾಕಿದ್ರೆ? ಅವ್ರು ಪ್ರೀತಿಯಿಂದಾನೇ ಹಾಕ್ತಾರೆ, ಓದೋರು ಪ್ರೀತಿಯಿಂದ ಓದ್ತಾರಾ? ಯಜಮಾನ್ರು ಇವತ್ತು ಸೋತ್ರೆ ಮುಂದಿನ ವಾರ ಇದೆ. ನಾನು ಸೋತ್ರೆ ವಿಮಾನ. ಆಮೇಲೆ ಇವ್ರಿಗೆ ಯಾರು? ವರ್ನ್‌ಗೆ ಯಾರು? ನಂಗೇನು ಕೈ ತುರಿಸ್ಲಿಲ್ಲ ಅಂದ್ಕೊಂಡ್ರಾ?"

ಅಂಗೈ ತೋರಿಸಿದಳು. ಬೆಂಚಿನ ಹಲಗೆಯ ಗೆರೆಗಳು ಕೆಂಪಾಗಿ ಮೂಡಿದ್ದವು. ಆರ್ಡಿತ್ ಅದನ್ನು ನೋಡಿದಳು. "ಕೂತ್ಕೋ. ಎಣ್ಣೆ ಹಚ್ತೀನಿ" ಎಂದಳು. ನಾನು ಅವರಿಬ್ಬರ ನಡುವೆ ನಿಂತು ಏನೋ ಹೇಳಬೇಕೆಂದು ಬಾಯಿ ತೆರೆದೆ. ಏನು ಬಂತೆಂದು ನಿಮಗೆ ಬರೆಯಬೇಕಾಗಿಲ್ಲ.

ಮುಂದಿನ ವಾರ ವಕೀಲರು ಇನ್ನೊಂದು ಅನುಮಾನ ಎತ್ತಿದರು. ಅವಳ ಕೋಣೆಗೆ ಆರ್ಡಿತ್ ತೆಗೆದುಕೊಳ್ಳುತ್ತಿದ್ದ ಬಾಡಿಗೆ ಊರಿನ ದರಕ್ಕಿಂತ ಕಡಿಮೆ. ಚಿಕಿತ್ಸೆಗೆ ಬದಲಾಗಿ ಬಾಡಿಗೆ ಇಳಿಸಿದ್ದಾರೆ, ಅದು ಒಂದು ಬಗೆಯ ಸಂಬಳ ಎಂದು ಯಾರಾದರೂ ಅರ್ಥ ಮಾಡಿಕೊಂಡರೆ? ಆರ್ಡಿತ್ ಬಾಡಿಗೆ ಏರಿಸುತ್ತೇನೆ ಎಂದಳು. ಸಂಬಳವಿಲ್ಲದವಳು ಏರಿಸಿದ ಬಾಡಿಗೆಯನ್ನು ಎಲ್ಲಿಂದ ತರಬೇಕು? ಜೆಬೆಟ್ ಪೆಟ್ಟಿಗೆ ಕಟ್ಟಿದಳು. ಓಮಾಹಾ ನಗರದಲ್ಲಿ ಅವಳ ಊರಿನ ಗೆಳತಿಯೊಬ್ಬಳಿದ್ದಾಳೆ, ಅವಳ ಸೋಫಾದ ಮೇಲೆ ಮಲಗಿ ನಿಮ್ಮ ಸಹಿಗಾಗಿ ಕಾಯುತ್ತಾಳೆ.

ಹೊರಡುವ ಬೆಳಿಗ್ಗೆ ಕಾರಿನ ಬಾಗಿಲು ತೆಗೆದು ನಿಂತಿದ್ದಳು. ನಾನು ಅವಳಿಗೆ ಒಂದು ಮಾತು ಹೇಳಬೇಕಿತ್ತು. ಥ ಎಂಬಲ್ಲೇ ಸಿಕ್ಕಿಕೊಂಡೆ. ಥ, ಥ. ಅವಳು ತಟ್ಟಲಿಲ್ಲ. ತುಟಿ ಆಡಿಸಿ ತೋರಿಸಲಿಲ್ಲ. ಹೋಗಲಿ ಬಿಡಿ ಯಜಮಾನ್ರೇ ಎಂದೂ ಹೇಳಲಿಲ್ಲ. ಗಾಳಿ ಕೊರೆಯುತ್ತಿತ್ತು, ಅವಳ ಕೋಟಿನ ಗುಂಡಿ ಬಿಚ್ಚಿತ್ತು. ತಿದ್ದಬಾರದು ಎಂದು ವಕೀಲರು ಹೇಳಿದ್ದರೇ ಹೊರತು ಕಾಯಬಾರದು ಎಂದಿರಲಿಲ್ಲ. ಅವಳು ಕಾದಳು. ಕೊನೆಗೂ ಆ 'ಥ್ಯಾಂಕ್ಸ್' ಹೊರಬಿತ್ತು, ಹುಟ್ಟಿದ ಕರುವಿನ ಹಾಗೆ ತೊಪ್ಪನೆ. "ಕೇಳಿಸ್ತು," ಎಂದಳು. ಕಾರು ಹತ್ತಿದಳು.

ಇಷ್ಟಾದ ಮೇಲೆ ನಾನು ನಿಮ್ಮ ಕಚೇರಿಗೆ ಫೋನು ಮಾಡಿದೆ. ಪತ್ರ ಬರೆಯುವ ಮೊದಲು ಮಾತಾಡಿ ನೋಡುವುದು ನಮ್ಮ ಕಡೆಯ ಮರ್ಯಾದೆ. ಯಂತ್ರ ಎತ್ತಿಕೊಂಡಿತು. ಕರೆ ಮಾಡಿದ ಕಾರಣವನ್ನು ಒಂದೆರಡು ಪದಗಳಲ್ಲಿ ಹೇಳಿ ಎಂದಿತು. ಹೇಳಿದೆ. ಅರ್ಥವಾಗಲಿಲ್ಲ, ಮತ್ತೊಮ್ಮೆ ಹೇಳಿ ಎಂದಿತು. ಹೇಳಿದೆ. ನೀವು ವಿಳಾಸ ಬದಲಾವಣೆ ಎಂದಿರಾ, ಹೌದು ಅಥವಾ ಇಲ್ಲ ಎನ್ನಿ ಎಂದಿತು. 'ಇ' ಹೊರಡುವಷ್ಟರಲ್ಲಿ ವಿಳಾಸ ಬದಲಾವಣೆಗೆ ಕಳಿಸಿಬಿಟ್ಟಿತು. ಪಕ್ಕದಲ್ಲಿದ್ದ ಆರ್ಡಿತ್ ಫೋನು ಕಸಿದುಕೊಂಡು ಯಂತ್ರಕ್ಕೆ ಹೇಳಿದ್ದನ್ನು ಪತ್ರಿಕೆಯವರು ಅಚ್ಚು ಹಾಕಲಾರರು. ಹೇಗೋ ಕೊನೆಗೆ ಯಂತ್ರವಲ್ಲದ ಒಬ್ಬ ಹುಡುಗಿ ಸಿಕ್ಕಳು. ಎಳೆಯ ದನಿ.

"ನಿಧಾನವಾಗಿ ಹೇಳಿ ಸರ್. ನಾನು ಲೈನಲ್ಲೇ ಇರ್ತೀನಿ."

ಇದ್ದಳು. ನಾನು ಮೇಜು ತಟ್ಟುತ್ತ ಕೇಳಿದೆ: "ಜೆಬೆಟ್... ಯಾವಾಗ... ಕೆಲಸ?"

ಅರ್ಜಿ ಸಂಖ್ಯೆಯನ್ನು ಆರ್ಡಿತ್ ಓದಿದಳು. ಅರ್ಜಿದಾರರು ನಾವಲ್ಲವಾದ್ದರಿಂದ ವಿವರ ಹೇಳುವಂತಿಲ್ಲ ಎಂದಳು ಆ ಹುಡುಗಿ. ಸಾಮಾನ್ಯವಾಗಿ ಹೇಳುವುದಾದರೆ ಇಂಥ ಅರ್ಜಿಗಳು ಇನ್ನೂ ನಿಗದಿತ ಅವಧಿಯೊಳಗೇ ಇವೆ ಎಂದಳು. "ನಂಗೆ ಗೊತ್ತಿರೋದು ಇಷ್ಟೇ ಸರ್," ಎಂದು ಸೇರಿಸಿದಳು. ಅವಳ ದನಿಯಲ್ಲಿ ಬೇಸರವಿತ್ತು. ದಯವಿಟ್ಟು ಅವಳನ್ನು ಹುಡುಕಿ ದಂಡಿಸಬೇಡಿ. ನಿಮ್ಮ ಕಚೇರಿಯಲ್ಲಿ ಕಾಯಲು ಬಲ್ಲವಳು ಅವಳೊಬ್ಬಳೇ. ಉಳಿದವರು ಕಾಯಿಸಬಲ್ಲವರು.

ನಿಗದಿತ ಅವಧಿಯೊಳಗೇ ಇದೆ! ಹಾಗಾದರೆ ಪ್ರಶ್ನೆ ಇನ್ನೂ ಚೂಪಾಗುತ್ತದೆ. ಅರ್ಜಿ ಅಕ್ಟೋಬರ್ ದಾಟುವುದು ಸಾಮಾನ್ಯ ಎಂದು ನಿಮಗೇ ಗೊತ್ತಿದ್ದ ಮೇಲೆ, ಕೆಲಸದ ಅನುಮತಿಯನ್ನು ಸೆಪ್ಟೆಂಬರ್ ಮೂವತ್ತಕ್ಕೇ ಕತ್ತರಿಸಿದ್ದೇಕೆ? ಅನುಮತಿ ಮುಂದುವರಿಸಿದರೆ ಜನ ಬಾಕಿ ಅರ್ಜಿಯನ್ನೇ ಹಿಡಿದುಕೊಂಡು ವರ್ಷಗಟ್ಟಲೆ ಕೂರುತ್ತಾರೆ ಎನ್ನುವಿರಾ? ಅರ್ಜಿ ಬಾಕಿ ಇಡುವುದು ಯಾರ ಕೈಯಲ್ಲಿದೆ ಸ್ವಾಮಿ? ಜೆಬೆಟ್ ಕೈಯಲ್ಲಿದ್ದಿದ್ದರೆ ಅದು ಏಪ್ರಿಲಿನಲ್ಲೇ ಮುಗಿಯುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಕೇಳಿದ್ದೆ. ಇಲ್ಲಿ ಲಾಟರಿ ವರ ಕೊಟ್ಟಿತು, ಪೂಜಾರಿ ಗರ್ಭಗುಡಿಯ ಬಾಗಿಲು ಹಾಕಿಕೊಂಡು ಊಟಕ್ಕೆ ಹೋಗಿದ್ದಾರೆ. ನಮ್ಮ ಕಸುಬಿನಲ್ಲಿ ಒಂದು ಧರ್ಮವಿದೆ. ಸುತ್ತಿಗೆ ಬೀಳುವ ತನಕ ಕಣದಲ್ಲಿರುವ ದನಕ್ಕೆ ಕಟ್ಟೆಯವರು ನೀರು ಮೇವು ಹಾಕಬೇಕು. ಮಾರಾಟ ತಡವಾಯಿತೆಂದು ಯಾರೂ ದನವನ್ನು ಉಪವಾಸ ಕೆಡವುವುದಿಲ್ಲ. ದನಕ್ಕೆ ಸಿಗುವ ನ್ಯಾಯವನ್ನು ಮನುಷ್ಯರಿಗೆ ಕೇಳುತ್ತಿದ್ದೇನೆ, ಹೆಚ್ಚಾಯಿತೇ?

ನನ್ನ ಬೇಡಿಕೆ ಇದು. ವಿದ್ಯಾರ್ಥಿಯಾಗಿ ಬಂದು, ಕಾಯಿದೆಯ ಪ್ರಕಾರ ಕೆಲಸ ಮಾಡಿ, ಕಾಯಿದೆಯ ಪ್ರಕಾರ ಅರ್ಜಿ ಹಾಕಿದವರ ಕೆಲಸದ ಅನುಮತಿಯನ್ನು ಕ್ಯಾಲೆಂಡರಿನ ಒಂದು ಚೌಕಕ್ಕೆ ಕಟ್ಟಬೇಡಿ. ನೀವು ತೀರ್ಪು ಕೊಡುವ ದಿನದವರೆಗೆ ವಿಸ್ತರಿಸಿ. ಜೆಬೆಟ್‌ಗೆ ವೀಸಾ ಕೊಡಿ ಎಂದು ನಾನು ಕೇಳುತ್ತಿಲ್ಲ. ಕೊಡಬಾರದೆಂದು ತೋರಿದರೆ ಇಲ್ಲ ಎನ್ನಿ. ಎರಡರಲ್ಲಿ ಒಂದನ್ನು ಆಡುವವರೆಗೆ ಅವಳನ್ನು ತನ್ನ ಕೆಲಸ ಮಾಡಲು ಬಿಡಿ. ಕ್ರಿಸ್ಮಸ್‌ವರೆಗೆ ಕಾದು ಆಸ್ಪತ್ರೆಯವರು ಆ ಹುದ್ದೆಗೆ ಮತ್ತೆ ಜಾಹೀರಾತು ಕೊಡುತ್ತಾರಂತೆ. ಅವರನ್ನೂ ತಪ್ಪೆನ್ನಲಾರೆ. ನನ್ನ ಮೊದಲ ವರ್ಷ ಫೆಬ್ರುವರಿಗೆ ಮುಗಿಯುತ್ತದೆ. ನೆಲ ಈಗಾಗಲೇ ಗಟ್ಟಿಯಾಗುತ್ತಿದೆ. ಕಳೆದ ವಾರ ಕಾಫಿ ಎಂಬ ಪದ ಹೋಯಿತು. ಆರ್ಡಿತ್ ಕೇಳದೆಯೇ ತಂದಿಡುತ್ತಾಳೆ. ಗೊಣಗುವುದನ್ನು ನಿಲ್ಲಿಸಿದ್ದಾಳೆ, ನನಗೆ ಭಯ ಹುಟ್ಟಿಸುವುದು ಅದೇ.

ಕೊನೆಯದಾಗಿ ಒಂದು ಸಣ್ಣ ಕೆಲಸ. ಈ ಪತ್ರವನ್ನು ಕಡತಕ್ಕೆ ಸೇರಿಸುವ ಮೊದಲು, ಬಾಗಿಲು ಹಾಕಿಕೊಂಡು, ಒಮ್ಮೆ ಗಟ್ಟಿಯಾಗಿ ಓದಿ. ಮೊದಲಿನಿಂದ ಕೊನೆಯವರೆಗೆ, ನಿಮ್ಮ ಬಾಯಲ್ಲಿ. ನನ್ನಿಂದ ಆಗದ ಕೆಲಸ ಅದೊಂದೇ.

ಇಂತಿ,
ಉತ್ತರ ಬಂದರೆ ಹೆಂಡತಿಯ ಕೈಲಿ ಓದಿಸಿಕೊಂಡು ತಲೆಯಾಡಿಸಬಲ್ಲ,
ಮೈಲೋ ಹಾವೆಲ್ಕಾ
ಸೀಡರ್ ಬೆಂಡ್, ನೆಬ್ರಾಸ್ಕಾ